ಕರಿಬಸಮ್ಮನ ದಮ್ಮು ಫಕ್ರಣ್ಣನ ದಮ್ಮಲ್ಲ

ಉಸಿರುಮನೆ, ದಾವಣಗೆರೆ
ಫೆಬ್ರುವರಿ ಮೂವತ್ತು, ೨೨೧೪

ನಮಗಿಂತ ಮೊದಲು ಈ ಊರಿನ ಗಾಳಿ ಕುಡಿದ ಹಿರಿಯರಿಗೆ, ಕೊಟ್ರಮ್ಮನ ನಮಸ್ಕಾರ.

ಮೇಲಿನ ತಾರೀಕು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಕಾಗದ ಮಡಚಿಡಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ‘ಬಿಡುದಿನ’ ಎಂದು ಇಟ್ಟುಕೊಂಡಿದ್ದೇವೆ. ಆ ದಿನಗಳಲ್ಲಿ ಕಚೇರಿ ತೆರೆಯುವಂತಿಲ್ಲ, ಯಾರೂ ಯಾರನ್ನೂ ವಿಚಾರಣೆಗೆ ಕರೆಯುವಂತಿಲ್ಲ. ನನ್ನ ವಿಚಾರಣೆ ಬಿಡುದಿನಕ್ಕೆ ಬಿದ್ದಿಲ್ಲ, ನಾಳೆಗೇ ಬಿದ್ದಿದೆ. ಅದಕ್ಕೆ ಹೋಗುವ ಮೊದಲು ನಿಮಗೆ ನಾಲ್ಕು ಮಾತು ಬರೆದುಬಿಡಬೇಕು ಎಂದು ಕುಳಿತಿದ್ದೇನೆ.

ಭಾಷೆಯ ಬಗ್ಗೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಬರಹದ ಕನ್ನಡವನ್ನು ನಾನು ಹಳೆಯ ದಿನಪತ್ರಿಕೆಗಳಿಂದ ಕಲಿತವಳು. ಆದ್ದರಿಂದ ಒಂದು ಕಡೆ ಸಂಪಾದಕೀಯದ ಗತ್ತು, ಇನ್ನೊಂದು ಕಡೆ ವಧೂವರರ ಜಾಹೀರಾತಿನ ನಯ ಕಂಡರೆ ಸಹಿಸಿಕೊಳ್ಳಿ. ನಿಮಗೆ ಗೊತ್ತಿಲ್ಲದ ಮಾತುಗಳು ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಈ ಕಾಗದ ನಿಮಗೆ ಮುಟ್ಟಿರುವುದು ಹಿಮ್ಮುಖ ಅಂಚೆಯಲ್ಲಿ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಬಹಳ ಮಂದಿ ಅದನ್ನು ಮುತ್ತಾತನನ್ನು ಬೈಯಲು ಬಳಸುತ್ತಾರೆ: ಆ ಸೈಟು ಯಾಕೆ ಮಾರಿದೆ, ಆ ಬಾವಿ ಯಾಕೆ ಮುಚ್ಚಿಸಿದೆ ಎಂದು. ನನ್ನ ಕಾಗದದಲ್ಲಿ ಬೈಗುಳವೂ ಇದೆ, ಒಂದು ಬೇಡಿಕೆಯೂ ಇದೆ. ಎರಡನ್ನೂ ಕೇಳಿಸಿಕೊಳ್ಳಬೇಕು.

ಉಸಿರುಮನೆ ಎಂದರೆ ಪುಪ್ಪುಸ ಕೆಟ್ಟವರು ಒಟ್ಟಿಗೆ ಬದುಕುವ ಮನೆ. ಆಸ್ಪತ್ರೆಯಲ್ಲ, ಅನಾಥಾಲಯವೂ ಅಲ್ಲ. ಇಲ್ಲಿ ನಾವು ದುಡಿಯುತ್ತೇವೆ, ಜಗಳವಾಡುತ್ತೇವೆ, ಬೆಣ್ಣೆದೋಸೆಗೆ ಬೆಣ್ಣೆ ಕಡಿಮೆಯಾಯಿತೆಂದು ಮುಖ ಊದಿಸಿಕೊಳ್ಳುತ್ತೇವೆ. ಹಿತ್ತಲಿನಲ್ಲಿ ಮಂಡಕ್ಕಿ ಭಟ್ಟಿ ಇದೆ. ನಿಮ್ಮ ಕಾಲದ ಭಟ್ಟಿಗಳಂತೆ ಹೊಗೆ ಕಾರುವುದಿಲ್ಲ. ದೊಡ್ಡ ಕನ್ನಡಿಗಳು ಬಿಸಿಲನ್ನು ಹಿಡಿದು ಬಾಣಲೆಯ ಕೆಳಗೆ ಕೊಡುತ್ತವೆ, ಮರಳು ಕಾಯುತ್ತದೆ, ಅಕ್ಕಿ ಅರಳುತ್ತದೆ. ಹುರಿಯುವವಳು ನಾನೇ. ಮಧ್ಯಾಹ್ನಕ್ಕೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಇನ್ನೂರು ವರ್ಷದಲ್ಲಿ ಏನೇನೋ ಹೋಯಿತು, ಅದು ಮಾತ್ರ ಹೋಗಲಿಲ್ಲ. ಊರು ಮಳೆಗಾಲ, ಚಳಿಗಾಲ, ಬೇಸಿಗೆಯ ಜೊತೆಗೆ ಇನ್ನೊಂದು ಕಾಲವನ್ನೂ ಎಣಿಸುತ್ತದೆ. ಸುಗ್ಗಿ ಮುಗಿದ ಮೇಲೆ ಯುಗಾದಿಯವರೆಗೆ ಆಕಾಶ ಬೂದಿಬಣ್ಣಕ್ಕೆ ತಿರುಗುವ ದಿನಗಳಿಗೆ ‘ಮಬ್ಬುಗಾಲ’ ಎನ್ನುತ್ತೇವೆ. ಆಗ ಮಕ್ಕಳು ಮೂಗುಬಟ್ಟೆ ಕಟ್ಟಿಕೊಂಡು ಶಾಲೆಗೆ ಹೋಗುತ್ತಾರೆ, ಬೀದಿಯಲ್ಲಿ ಗುರುತಿನವರನ್ನು ನಡಿಗೆಯಿಂದ ಕಂಡುಹಿಡಿಯಬೇಕು. ಈಗ ನಡೆಯುತ್ತಿರುವುದು ಅದೇ ಕಾಲ.

ಇನ್ನೂರು ವರ್ಷದಲ್ಲಿ ಈ ರೋಗವನ್ನು ಹೂತುಹಾಕಿರುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಹೂತಿಲ್ಲ. ನೀವು ಸುಟ್ಟದ್ದು, ನಿಮ್ಮ ಮಕ್ಕಳು ಸುಟ್ಟದ್ದು, ಅವರ ಮೊಮ್ಮಕ್ಕಳು ಕೂಲಿಗಾಗಿ ಉಸಿರಾಡಿದ್ದು ಎಲ್ಲ ಸೇರಿ ನಮ್ಮವರೆಗೆ ಬಂದಿದೆ. ನನಗೆ ಕೋಪ ಬರುವುದು ಅದಕ್ಕಲ್ಲ. ಸುಡದೆ ಬದುಕುವುದು ನಿಮಗೆ ಸುಲಭವಿರಲಿಲ್ಲ ಎಂದು ನನಗೂ ಗೊತ್ತಿದೆ. ಒಂದು ಓಣಿಯಲ್ಲಿ ಹತ್ತು ಬಗೆಯಲ್ಲಿ ಕೆಮ್ಮುವ ಹತ್ತು ಜನರಿದ್ದರೆ ನೀವು ಹತ್ತು ಜನರಿಗೂ ‘ದಮ್ಮು’ ಎಂಬ ಒಂದೇ ಮಾತು ಹೇಳಿ ಸುಮ್ಮನಾದಿರಲ್ಲ, ಕೋಪ ಅದಕ್ಕೆ. ಬೀಡಿ ಸೇದಿದವನಿಗೂ ದಮ್ಮು, ಬೀಡಿಯನ್ನು ಕೈಯಲ್ಲೂ ಮುಟ್ಟದೆ ಒಲೆ ಊದಿ ಊದಿ ಎದೆ ಕೆಡಿಸಿಕೊಂಡವಳಿಗೂ ದಮ್ಮು. ತಿಂಗಳು ತುಂಬುವ ಮೊದಲೇ ಹುಟ್ಟಿ ಪುಪ್ಪುಸ ಬೆಳೆಯದೇ ಹೋದವರಿಗೂ, ಹುಡುಗತನದಲ್ಲಿ ಕ್ಷಯವಾಗಿ ವಾಸಿಯಾದ ಮೇಲೂ ಗಾಯ ಉಳಿದವರಿಗೂ ಅದೇ. ನಿಮ್ಮ ವೈದ್ಯರಲ್ಲಿ ಕೆಲವರಿಗೆ ಇದೆಲ್ಲ ಬೇರೆಬೇರೆ ಎಂದು ತಿಳಿದಿತ್ತಂತೆ, ರಕ್ತ ನೋಡಿ, ಎದೆಯ ಚಿತ್ರ ತೆಗೆದು ಬಗೆ ಹೇಳುತ್ತಿದ್ದರಂತೆ. ನಿಮ್ಮ ಮನೆಗಳಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಈಗ ನಮ್ಮ ಮನೆಯ ಮೂವರ ವಿಷಯ ಹೇಳುತ್ತೇನೆ. ಮೊದಲನೆಯವಳು ನಾನು. ಏಳನೇ ತಿಂಗಳಿಗೆ ಹುಟ್ಟಿದವಳು. ಎದೆ ಸಣ್ಣದು, ನಾಲಿಗೆ ಉದ್ದ. ಮಬ್ಬು ಕವಿದಾಗ ಎದೆಯೊಳಗೆ ಸಿಳ್ಳೆ ಶುರುವಾಗುತ್ತದೆ, ಔಷಧಿಯ ಪುಡಿ ಎಳೆದುಕೊಂಡರೆ ತಾಸಿನೊಳಗೆ ಬಿಡುತ್ತದೆ. ಎರಡನೆಯವಳು ನನ್ನ ಅಣ್ಣನ ಹೆಂಡತಿ ಕರಿಬಸಮ್ಮ. ಅಣ್ಣ ತೀರಿಕೊಂಡ ಮೇಲೆ ನಾನೇ ಅವಳನ್ನು ಇಲ್ಲಿಗೆ ಕರೆತಂದೆ. ಅತ್ತಿಗೆಗೆ ಕೆಮ್ಮಿಲ್ಲ, ಕಫವಿಲ್ಲ. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲದು. ತುಟಿಯನ್ನು ಸಣ್ಣಗೆ ಮಾಡಿಕೊಂಡು ಬಿಸಿ ಹಾಲು ಆರಿಸುವವಳಂತೆ ಉಸಿರು ಬಿಡುತ್ತಾಳೆ. ಮೈಮೇಲೆ ಮಾಂಸ ನಿಲ್ಲುವುದಿಲ್ಲ. ಆದರೂ ಬೆಳಿಗ್ಗೆ ಎದ್ದು ಕುಂದವಾಡ ಕೆರೆಯ ಏರಿಯ ಮೇಲೆ ನಿಂತು ನಿಂತು ನಡೆದು ಬರುತ್ತಾಳೆ, ಬಂದು ತುಪ್ಪ ಹಾಕಿಸಿಕೊಂಡು ಉಣ್ಣುತ್ತಾಳೆ. ಅವಳನ್ನು ಎತ್ತಿ ನಿಲ್ಲಿಸಿರುವುದು ಆ ನಡಿಗೆ ಮತ್ತು ಆ ಊಟ. ಮೂರನೆಯವನು ಫಕ್ರಣ್ಣ. ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಬೀಡಿ ನಿಷೇಧವಾದ ನಾಡಿನಲ್ಲಿ ಕಳ್ಳಬೀಡಿ ಹುಡುಕಿ ಹುಡುಕಿ ಸೇದಿದ ಶೂರ. ದಪ್ಪ ಮೈ, ಊದಿದ ಕಾಲು, ನೀಲಿಗಟ್ಟಿದ ತುಟಿ, ಬೆಳಗಾದರೆ ಓಣಿಗೆಲ್ಲ ಕೇಳುವ ಕೆಮ್ಮು. ಮಬ್ಬುಗಾಲದಲ್ಲಿ ಅವನಿಗೆ ಜ್ವರ, ಕಫ, ಏದುಸಿರು ಒಂದರ ಮೇಲೊಂದು ಬಂದು ಮಲಗಿಸುತ್ತವೆ. ಪ್ರತಿ ಸಲ ಏಳುವಾಗ ಮೊದಲಿನಷ್ಟು ಏಳುವುದಿಲ್ಲ. ಆದರೂ ನಗಿಸುತ್ತಾನೆ. ಕರಿಬಸಮ್ಮನನ್ನು ಅಕ್ಕಾ ಎನ್ನುತ್ತಾನೆ, ಅವಳ ತಾಟಿನ ತುಪ್ಪಕ್ಕೆ ಕಣ್ಣು ಹಾಕುತ್ತಾನೆ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಹೊಸಬರು ಬಂದ ದಿನ ಎಲ್ಲರೂ ಉದ್ದನೆಯ ಹಲಗೆಯ ಸುತ್ತ ಕೂರುತ್ತೇವೆ. ಹಲಗೆಯ ಅಂಚಿನಲ್ಲಿ ಒಂದು ಮಂಡಕ್ಕಿ ಇಟ್ಟು ಹೊಸಬರು ಊದಬೇಕು. ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ಬಿಡುತ್ತೇವೆ. ಆಮೇಲೆ ನಾವೆಲ್ಲ ಒಬ್ಬೊಬ್ಬರಾಗಿ ನಮ್ಮ ಮಂಡಕ್ಕಿ ಊದುತ್ತೇವೆ, ಆದರೆ ಅದನ್ನು ಹೊಸಬರ ಮಂಡಕ್ಕಿಯ ಪಕ್ಕಕ್ಕೆ ತಂದು ನಿಲ್ಲಿಸುತ್ತೇವೆ, ದಾಟಿಸುವುದಿಲ್ಲ. ನೀನು ಇಲ್ಲಿ ಹಿಂದೆ ಬಿದ್ದವನಲ್ಲ ಎಂದು ಹೇಳುವ ರೀತಿ ಅದು. ಮೆಟ್ಟಿಲು ಹತ್ತುವಾಗ, ಪದ ಹಾಡುವಾಗ, ಊಟ ಮುಗಿಸುವಾಗಲೂ ಇದೇ ಲೆಕ್ಕ. ಉಸಿರು ಕಡಿಮೆ ಇದ್ದವರನ್ನು ಉಸಿರು ಹೆಚ್ಚಿದ್ದವರು ದಾಟುವಂತಿಲ್ಲ. ಹೊರಗಿನವರಿಗೆ ಇದು ನಿಧಾನದ ಮನೆಯಂತೆ ಕಾಣುತ್ತದೆ. ನಮಗೆ ಅಭ್ಯಾಸವಾಗಿಬಿಟ್ಟಿದೆ, ಯೋಚಿಸದೆ ಮಾಡುತ್ತೇವೆ. ಆ ಅಭ್ಯಾಸವೇ ನಮ್ಮನ್ನು ಗುಂಡಿಗೆ ತಳ್ಳಿತು.

ಗಾಳಿಮಂಡಳಿ ಎಂಬುದು ನಾಡಿನ ಗಾಳಿಯನ್ನು ಆಳುವ ಕಚೇರಿ. ದೊಡ್ಡ ಮಬ್ಬಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಆಸ್ಪತ್ರೆಯ ಬಾಗಿಲಲ್ಲಿ ಬಿದ್ದಿದ್ದಾಗ ಬಗೆ ನೋಡುತ್ತಾ ಕೂರಲು ಪುರುಸೊತ್ತಿರಲಿಲ್ಲ. ಒಂದು ಕೊಳವೆ ಕೊಟ್ಟು ಊದಿಸಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂದು ಅಳೆದು, ಆ ಅಂಕಿಯ ಪ್ರಕಾರ ಜನರನ್ನು ಸಾಗಿಸಿದರು. ಅಂದಿಗೆ ಅದು ಸರಿಯೇ. ಎಷ್ಟೋ ಜೀವ ಉಳಿಯಿತು. ಮಬ್ಬು ತೆಳುವಾಯಿತು, ಕೊಳವೆ ಮಾತ್ರ ಉಳಿಯಿತು. ರಕ್ತ ನೋಡುವುದು, ಎದೆ ನೋಡುವುದು, ಹೇಗಿದ್ದೀಯಮ್ಮಾ ಎಂದು ಕೇಳುವುದು ಎಲ್ಲ ನಿಂತುಹೋಯಿತು. ಆ ಅಂಕಿಗೆ ‘ಮೊದಲುಸಿರು’ ಎನ್ನುತ್ತಾರೆ. ಮೊದಲುಸಿರು ಒಂದು ಗೆರೆಗಿಂತ ಕೆಳಗಿಳಿದವರೆಲ್ಲ ಗುಮ್ಮಟಕ್ಕೆ ಹೋಗಬೇಕು.

ಗುಮ್ಮಟ ಊರಾಚೆಯ ಗುಡ್ಡದ ಮೇಲಿದೆ. ಒಳಗೆ ತೊಳೆದ ಗಾಳಿ. ಧೂಳಿಲ್ಲ, ಹೊಗೆಯಿಲ್ಲ, ಚಳಿಯಿಲ್ಲ. ಗಾಳಿಯನ್ನು ಹಾಸಿಗೆಯ ಲೆಕ್ಕದಲ್ಲಿ ಹಂಚುವುದರಿಂದ ಒಳಗಿದ್ದವರು ಮಲಗಿಯೇ ಇರಬೇಕು. ನಡೆದವರು ಹೆಚ್ಚು ಗಾಳಿ ಉಣ್ಣುತ್ತಾರೆ ಎಂದು ನಡಿಗೆಯನ್ನು ನಿಲ್ಲಿಸಿದ್ದಾರೆ. ಹೋದವರು ಹಿಂದಿರುಗುವ ಪದ್ಧತಿ ಇಲ್ಲ. ಎಷ್ಟೋ ಜನ ಅಲ್ಲಿ ವರ್ಷಗಟ್ಟಲೆ ಸುಖವಾಗಿದ್ದಾರೆ, ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಕರಿಬಸಮ್ಮನ ತಾಯಿಯನ್ನೂ ಅಲ್ಲಿಗೆ ಒಯ್ದಿದ್ದರು. ಆಕೆಯೂ ಮಗಳಂತೆಯೇ ಸಣಕಲಿ, ನಡೆದು ಉಂಡು ಬದುಕಿದ್ದವಳು. ಮಲಗಿಸಿದ ಮೇಲೆ ಕಾಲು ಒಣಗಿತು, ಆಮೇಲೆ ಎದೆಯ ಸ್ನಾಯು ಒಣಗಿತು, ಅಷ್ಟು ಒಳ್ಳೆಯ ಗಾಳಿಯನ್ನು ಒಳಗೆಳೆದುಕೊಳ್ಳುವ ಶಕ್ತಿಯೇ ಇಲ್ಲದೆ ಮುಂದಿನ ಮಳೆಗಾಲ ನೋಡದೆ ಹೋದಳು. ಅತ್ತಿಗೆ ಇದನ್ನು ಒಂದೇ ಸಲ ಹೇಳಿದ್ದಾಳೆ. ನಾನು ಮರೆತಿಲ್ಲ.

ಸುಗ್ಗಿ ಮುಗಿದ ಮೇಲೆ ಮಂಡಳಿಯ ವೈದ್ಯೆ ಚಂದ್ರಮತಿ ಕೊಳವೆ ತಂದರು. ಕೆಟ್ಟವರಲ್ಲ, ಜಾಣೆ, ಮಾತಿನಲ್ಲಿ ಮೃದು. ಎಲ್ಲರಿಗಿಂತ ಸಣಕಲಾಗಿದ್ದವಳನ್ನು ಕಾಯಿಸಬಾರದೆಂದು ಕರಿಬಸಮ್ಮನನ್ನು ಮೊದಲು ಕೂರಿಸಿದರು. ಅವಳು ಊದಿದಳು, ಪರದೆಯ ಮೇಲೆ ಗೆರೆ ಒಂದಿಷ್ಟು ಎದ್ದು ಕುಸಿಯಿತು. ನಾವೆಲ್ಲ ನೋಡಿದೆವು. ಆಮೇಲೆ ನಮ್ಮ ಸರದಿ. ಜೋರಾಗಿ ಊದಿ ಎಂದು ಅವರು ಹೇಳಿದರು, ನಾವು ತಲೆ ಆಡಿಸಿದೆವು. ಆದರೆ ಕೊಳವೆ ಬಾಯಿಗಿಟ್ಟ ಪ್ರತಿಯೊಬ್ಬರ ಕಣ್ಣ ಮುಂದೆಯೂ ಅತ್ತಿಗೆಯ ಗೆರೆ ಇತ್ತು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅವಳ ಮಂಡಕ್ಕಿಯ ಪಕ್ಕಕ್ಕೆ ನಮ್ಮದನ್ನು ತಂದು ನಿಲ್ಲಿಸುವಂತೆ ಎಲ್ಲರೂ ಆ ಗೆರೆಯ ಪಕ್ಕಕ್ಕೆ ಬಂದು ನಿಂತೆವು. ನಾನೂ ಹಾಗೆಯೇ ಮಾಡಿದೆ. ಮಾಡಿದೆ ಎಂದು ನನಗೆ ತಿಳಿದದ್ದು ಫಲಿತಾಂಶ ಬಂದ ಮೇಲೆ.

ಇಡೀ ಮನೆಗೆ ಒಂದೇ ಅಂಕಿ. ಒಂದೇ ದರ್ಜೆ, ಒಂದೇ ಮದ್ದು, ಎಲ್ಲರಿಗೂ ಗುಮ್ಮಟ. ಅಷ್ಟೇ ಆಗಿದ್ದರೆ ನಮ್ಮ ಹಣೆಬರಹ ಎನ್ನಬಹುದಿತ್ತು. ಮಂಡಳಿಯ ದೊಡ್ಡವರು ನಮ್ಮನ್ನು ಉದಾಹರಣೆ ಮಾಡಿಕೊಂಡರು. ನೋಡಿ, ಬೀಡಿ ಸೇದಿದವರು, ಸೇದದವರು, ದಪ್ಪಗಿದ್ದವರು, ಸಣ್ಣಗಿದ್ದವರು ಎಲ್ಲರಿಗೂ ಒಂದೇ ಮೊದಲುಸಿರು. ಬಗೆ ಗಿಗೆ ಎಂಬುದೆಲ್ಲ ಹಳೆಯ ಕಾಲದ ಭ್ರಮೆ ಎಂದು ನಾಡಿಗೆಲ್ಲ ಸಾರಿದರು. ಅತ್ತಿಗೆಗೆ ನಾವು ಕೊಟ್ಟ ಮರ್ಯಾದೆ ಅವರ ಕೈಯಲ್ಲಿ ಪುರಾವೆಯಾಯಿತು. ಅದನ್ನು ಕೇಳಿದ ದಿನ ನನಗೆ ಬಂದ ಸಿಟ್ಟಿಗೆ ಒಂದು ಬಾಣಲೆ ಮಂಡಕ್ಕಿ ಹೊತ್ತಿಹೋಯಿತು.

ಮರುಪರೀಕ್ಷೆ ಬೇಕೆಂದು ಕೇಳಿದೆ. ಚಂದ್ರಮತಿ ಒಪ್ಪಿದರು, ನಮ್ಮ ಮನೆಯವರು ಒಪ್ಪಲಿಲ್ಲ. ಎಲ್ಲರಿಗಿಂತ ಹಟ ಹಿಡಿದವನು ಫಕ್ರಣ್ಣ.

“ಅಕ್ಕನ ಎದುರಿಗೆ ಎದೆ ಉಬ್ಬಿಸ್ಕಂಡು ಊದಾಕೆ ನಂಗೇನು ನಾಚಿಕೆ ಇಲ್ಲೇನು? ಆಗಂಗಿಲ್ಲ ಬಿಡು ಕೊಟ್ರಮ್ಮ. ನಾನು ಮೆಲ್ಲಗೆ ಊದಿದ್ದಕ್ಕೆ ಅಷ್ಟು ಬಂತು. ಜೋರಾಗಿ ಊದಿದ್ರೆ ಆ ಕೊಳವೆ ಸೀಳಿಹೋಗ್ತೈತೆ.”

ಕರಿಬಸಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳು ಮಾತಾಡುವುದು ಉಸಿರಿಗೊಂದು ತುಂಡಾಗಿ. ಎಲ್ಲರೂ ಕಾಯುತ್ತೇವೆ.

“ಫಕ್ರು. ನನ್ನ ಮರ್ಯಾದಿ ಕಾಯಾಕೆ ಹೋಗಿ... ನನ್ನ ಹೆಣ ಮಾಡ್ಬ್ಯಾಡ. ನನ್ನನ್ನ ದಾಟ್ರಿ. ಎಲ್ಲಾರೂ ದಾಟ್ರಿ... ನಾನೇ ಹೇಳ್ತಾ ಇದೀನಲ್ಲ.”

ನಮ್ಮ ಮನೆಯಲ್ಲಿ ಅಂಥ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ಫಕ್ರಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಆಮೇಲೆ ಆಗಲಿ ಎಂದು ತಲೆ ಆಡಿಸಿದ.

ಮರುಪರೀಕ್ಷೆ ಅಂಗಳದಲ್ಲಿ ನಡೆಯಿತು. ಈ ಸಲ ಒಬ್ಬೊಬ್ಬರೂ ಇದ್ದಷ್ಟು ಉಸಿರನ್ನು ಹೊರಹಾಕಿದೆವು. ನನ್ನ ಅಂಕಿ ಮೇಲೇರಿತು. ಪುಡಿ ಎಳೆದುಕೊಂಡು ಮತ್ತೆ ಊದಿದಾಗ ಇನ್ನೂ ಏರಿತು. ಪಕ್ಕದ ಕೋಣೆಯ ಹಾಲಪ್ಪನದು ನನಗಿಂತ ಮೇಲೆ, ಪುಡಿಗೆ ಮಾತ್ರ ಕದಲಲಿಲ್ಲ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಚಂದ್ರಮತಿಯವರು ಪರದೆಯನ್ನೂ ನಮ್ಮ ಮುಖಗಳನ್ನೂ ನೋಡುತ್ತಿದ್ದರು. ಮೊದಲ ಸಲ ಏನಾಗಿತ್ತೆಂದು ಅವರಿಗೆ ನಾವು ಹೇಳುವ ಮೊದಲೇ ಹೊಳೆಯಿತು. ನೀವು ಇವರಿಗಾಗಿ ತಡೆದು ಊದಿದಿರಾ ಎಂದು ಕೇಳಿದರು. ಗೆದ್ದೆವು ಎಂದು ನಾನು ಮನಸ್ಸಿನಲ್ಲೇ ಮೀಸೆ ತಿರುವಿಕೊಂಡೆ.

ಕೊನೆಗೆ ಫಕ್ರಣ್ಣ ಕೂತ. ಕ್ಲಾರಿನೆಟ್ ಹಿಡಿದವನ ಹಾಗೆ ಭುಜ ಸರಿ ಮಾಡಿಕೊಂಡ, ಕಣ್ಣು ಮುಚ್ಚಿದ, ಪ್ರಾಣ ಇಟ್ಟು ಊದಿದ. ಗೆರೆ ಎದ್ದು ಕರಿಬಸಮ್ಮನ ಗೆರೆಯ ಪಕ್ಕದಲ್ಲೇ ಕುಸಿಯಿತು. ಮತ್ತೊಮ್ಮೆ ಊದಿದ, ಅದೇ. ಇನ್ನೊಮ್ಮೆ ಊದಿ ಕೆಮ್ಮಿ ಕೆಮ್ಮಿ ಬಗ್ಗಿದ, ಅದೇ. ಮೊದಲ ಸಲ ಅವನು ತಡೆದೇ ಇರಲಿಲ್ಲ. ತಡೆದಿದ್ದೇನೆ ಎಂದು ಅವನೇ ನಂಬಿಕೊಂಡಿದ್ದ, ಅಷ್ಟೆ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಉಳಿದವರೆಲ್ಲ ಮಂಡಳಿಯ ಗೆರೆಗಿಂತ ಮೇಲೆ ಬಂದೆವು, ಮನೆಯಲ್ಲೇ ಉಳಿದೆವು. ಇಬ್ಬರು ಮಾತ್ರ ಕೆಳಗೆ, ಇಬ್ಬರದೂ ಒಂದೇ ಅಂಕಿ. ಮಂಡಳಿಯ ನಿಯಮದಲ್ಲಿ ಅಂಕಿ ಒಂದೇ ಆದರೆ ಜಾಗವೂ ಒಂದೇ. ಫಕ್ರಣ್ಣ ಮತ್ತು ಕರಿಬಸಮ್ಮ ಇಬ್ಬರೂ ಗುಮ್ಮಟಕ್ಕೆ. ನಿಮ್ಮ ರೋಗಗಳು ಬೇರೆ ಬೇರೆ ಎಂದು ತೋರಿಸಲು ಇಷ್ಟೆಲ್ಲ ಮಾಡಿದಿರಿ, ಕೊನೆಗೆ ಈ ಇಬ್ಬರು ಒಂದೇ ಆದರಲ್ಲ ಎಂದು ಮಂಡಳಿಯ ಇನ್ನೊಬ್ಬ ಅಧಿಕಾರಿ ನಕ್ಕ. ಹಿರಿಯರೇ, ನೀವೇ ಹೇಳಿ. ಒಬ್ಬಳಿಗೆ ಕಫದ ಹನಿಯಿಲ್ಲ, ಇನ್ನೊಬ್ಬನಿಗೆ ಕಫ ಬಿಟ್ಟು ಬೇರೆ ಆಸ್ತಿಯಿಲ್ಲ. ಒಬ್ಬಳನ್ನು ಮಲಗಿಸಿದರೆ ಸಾಯುತ್ತಾಳೆ, ಇನ್ನೊಬ್ಬನನ್ನು ಮಬ್ಬಿನಲ್ಲಿ ಬಿಟ್ಟರೆ ಸಾಯುತ್ತಾನೆ. ಯಾಕೆಂದರೆ ಫಕ್ರಣ್ಣನಿಗೆ ಗುಮ್ಮಟ ನಿಜವಾಗಿಯೂ ಬೇಕಿತ್ತು. ಆ ತೊಳೆದ ಗಾಳಿಯಲ್ಲಿ ಅವನಿಗೆ ಜ್ವರ ಮರುಕಳಿಸುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗುಮ್ಮಟ ಹಾಳಾಗಿ ಹೋಗಲಿ ಎಂದು ಶಾಪ ಹಾಕಲೂ ನನಗೆ ದಾರಿ ಇರಲಿಲ್ಲ.

ಗಾಡಿ ಬಂದ ದಿನ ಮಬ್ಬು ಬಾಗಿಲವರೆಗೆ ಇಳಿದಿತ್ತು. ಫಕ್ರಣ್ಣನಿಗೆ ಹಿಂದಿನ ದಿನದಿಂದ ಜ್ವರ, ಎದೆಯಲ್ಲಿ ಗೊರಗೊರ. ಅವನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದರು, ಮೂಗಿಗೆ ನಳಿಕೆ ಇಟ್ಟರು. ಕರಿಬಸಮ್ಮ ಹೊಸ್ತಿಲ ಮೇಲೆ ಕೂತಳು. ಏಳಿ ಎಂದರೆ ಏಳಲಿಲ್ಲ. “ನಾನು ಬರಂಗಿಲ್ಲ” ಎಂದಳು, ಮುಂದಿನ ಉಸಿರಿಗೆ ಕಾದು ಅದನ್ನೇ ಮತ್ತೆ ಅಂದಳು. ನಾನು ಅವಳ ಪಕ್ಕ ಕೂತೆ, ಹಾಲಪ್ಪ ಕೂತ, ಮನೆಯವರೆಲ್ಲ ಬಂದು ಕೂತರು. ಏದುಸಿರಿನ ಇಷ್ಟು ಜನ ಬಾಗಿಲು ಕಟ್ಟಿ ಕೂತರೆ ಎಳೆದು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ ಎಂದು ಆವತ್ತು ತಿಳಿಯಿತು. ಇಬ್ಬರ ಆದೇಶ ಒಂದೇ, ಒಬ್ಬರು ಹೋಗಿ ಇನ್ನೊಬ್ಬರು ಉಳಿಯುವುದಕ್ಕೆ ನಿಯಮ ಇಲ್ಲ ಎಂದು ನಕ್ಕಿದ್ದ ಅಧಿಕಾರಿ ಕೂಗಾಡಿದ. ಅಷ್ಟರಲ್ಲಿ ಫಕ್ರಣ್ಣ ಮೂಗಿನ ನಳಿಕೆ ಕಿತ್ತು ಗಾಡಿಯಿಂದ ಇಳಿದ. ಇಳಿದವನು ಚಕ್ರ ಹಿಡಿದುಕೊಂಡು ನಿಂತ.

“ಇಬ್ಬರೂ ಒಂದೇ ಅಂತೀರಲ್ಲ ಸ್ವಾಮಿ, ಹಂಗಾದ್ರೆ ಅಕ್ಕ ಉಳಿದ್ರೆ ನಾನೂ ಉಳೀಬೇಕು. ಇಲ್ಲ ನಾವು ಬ್ಯಾರೆ ಅಂತ ಬಾಯಿಬಿಟ್ಟು ಹೇಳ್ರಿ, ನಾನು ಹತ್ತಿ ಹೋಗ್ತೀನಿ. ಹೇಳೋ ತನ ನಾನು ಇಲ್ಲೇ ನಿಂತಿರ್ತೀನಿ.”

ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಿಂತಿರಲು ಆಗುತ್ತಿರಲಿಲ್ಲ. ಅತ್ತಿಗೆಗೆ ಅವನನ್ನು ನೋಡಲು ಆಗುತ್ತಿರಲಿಲ್ಲ.

“ಹತ್ತೋ ಮಾರಾಯ” ಎಂದಳು. “ನನ್ನ ಸಲುವಾಗಿ... ಸಾಯ್ತೀಯೇನು?”

“ನೀನೇ ಹೇಳಿದ್ಯಲ್ಲಕ್ಕ ದಾಟು ಅಂತ. ದಾಟಾಕೆ ಬಿಡವಲ್ರು ಇವ್ರು.”

ಚಂದ್ರಮತಿಯವರು ಗಾಡಿಯ ಮಗ್ಗುಲಲ್ಲಿ ನಿಂತಿದ್ದರು. ಅವರ ಕೆಲಸ, ಪದವಿ ಎಲ್ಲ ಆ ಒಂದು ನಿಯಮದ ಮೇಲೆ ನಿಂತಿತ್ತು. ಸಹೋದ್ಯೋಗಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಇವರಿಬ್ಬರ ಕಾಯಿಲೆ ಬೇರೆ. ವೈದ್ಯೆಯಾಗಿ ಹೇಳ್ತಿದೀನಿ. ಇವರು ಹೋಗ್ತಾರೆ, ಅವರು ಉಳೀತಾರೆ. ನನ್ನ ಹೆಸರಲ್ಲೇ ದಾಖಲು ಮಾಡಿ.” ಆಮೇಲೆ ತಾವೇ ಫಕ್ರಣ್ಣನ ಕಂಕುಳಿಗೆ ಕೈಕೊಟ್ಟು ಗಾಡಿ ಹತ್ತಿಸಿದರು. ಗಾಡಿ ಹೊರಟಾಗ ಅವನು ಹಿಂದಿನ ಕಿಟಕಿಯಿಂದ ಕೈ ಆಡಿಸಿದ. ಮಬ್ಬಿನಲ್ಲಿ ಬೇಗನೆ ಕಾಣದಾದ. ಹತ್ತು ವರ್ಷ ಒಂದೇ ಸೂರಿನಲ್ಲಿದ್ದವರು, ಬೇರೆ ಎಂದು ಸಾಧಿಸಿದ್ದಕ್ಕೆ ಬೇರೆಯಾದರು. ಅತ್ತಿಗೆ ಆವತ್ತು ಮಧ್ಯಾಹ್ನ ಅನ್ನಕ್ಕೆ ತುಪ್ಪ ಬೇಡವೆಂದಳು. ನಾನು ಬೈದು ಹಾಕಿದೆ. ಅಳುತ್ತಲೇ ಉಂಡಳು.

ಫಕ್ರಣ್ಣ ಗುಮ್ಮಟದಲ್ಲಿ ಚೇತರಿಸಿಕೊಳ್ಳುತ್ತಿದ್ದಾನಂತೆ. ಜ್ವರ ಮರುಕಳಿಸಿಲ್ಲ. ಊಟಕ್ಕೆ ಉಪ್ಪಿಲ್ಲ, ಮಂಡಕ್ಕಿ ಮೆಣಸಿನಕಾಯಿ ಯಾವ ಜನ್ಮದ್ದೋ ಎಂದು ಹೇಳಿಕಳಿಸಿದ್ದಾನೆ. ಕರಿಬಸಮ್ಮ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾಳೆ. ಇಬ್ಬರೂ ಬದುಕಿದ್ದಾರೆ. ಒಂದೇ ಕಡೆ ಇಟ್ಟಿದ್ದರೆ ಇಬ್ಬರಲ್ಲಿ ಒಬ್ಬರು ಇರುತ್ತಿರಲಿಲ್ಲ. ಇಷ್ಟು ಸರಳವಾದದ್ದು ಮಂಡಳಿಗೆ ಅಪರಾಧವಾಗಿ ಕಂಡಿದೆ. ಚಂದ್ರಮತಿಯವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಜನರನ್ನು ಎತ್ತಿಕಟ್ಟಿದ್ದಕ್ಕೆ ನನಗೆ ವಿಚಾರಣೆ, ಅತ್ತಿಗೆಯ ವಿನಾಯಿತಿ ರದ್ದಾಗಬೇಕೋ ಬೇಡವೋ ಎಂಬುದೂ ನಾಳೆಯೇ ತೀರ್ಮಾನ.

ನಾಳೆ ಅವರು ಕೇಳುವ ಮೊದಲ ಪ್ರಶ್ನೆ ನನಗೆ ಈಗಲೇ ಗೊತ್ತಿದೆ, ಯಾಕೆಂದರೆ ಅತ್ತಿಗೆಯನ್ನು ಒಮ್ಮೆ ಕೇಳಿ ಆಗಿದೆ. ನಿಮ್ಮ ತಾಯಿಗೂ ಇದೇ ಇತ್ತು, ಇದು ವಂಶದಲ್ಲಿ ಹರಿದುಬಂದ ಬೇರೆಯೇ ಕಾಯಿಲೆ ಎನ್ನುತ್ತೀರಲ್ಲ, ನಿಮ್ಮ ಅಜ್ಜಿಗೆ ಹೇಗಿತ್ತು? ಅಜ್ಜಿಯ ತಾಯಿಗೆ ಹೇಗಿತ್ತು? ಅತ್ತಿಗೆಯ ಬಳಿ ಇದ್ದ ಉತ್ತರ ಒಂದೇ: “ದಮ್ಮು ಇತ್ತಂತೆ.” ಅವಳ ತಾಯಿಗೆ ಗೊತ್ತಿದ್ದದ್ದೂ ಅಷ್ಟೆ. ಅದಕ್ಕೂ ಹಿಂದೆ ನಿಮ್ಮ ಕಾಲದಲ್ಲಿ ಯಾರೋ ಒಬ್ಬ ಮುದುಕಿ ಗೋಡೆಗೆ ಒರಗಿ ತುಟಿ ಸಣ್ಣಗೆ ಮಾಡಿಕೊಂಡು ಉಸಿರು ಬಿಡುತ್ತಾ ಕೂತಿದ್ದಿರಬೇಕು. ಅವಳಿಗೆ ಕೆಮ್ಮು ಇರಲಿಲ್ಲ ಎಂದು ಪಕ್ಕದಲ್ಲಿದ್ದವರು ನೋಡಿರಬೇಕು. ನೋಡಿದವರು ಅದನ್ನು ಮಕ್ಕಳಿಗೆ ಹೇಳಲಿಲ್ಲ. ದಮ್ಮು ಎಂದರು, ಮುಗಿಯಿತು. ಅಥವಾ ಇನ್ನೂ ಕೆಟ್ಟದ್ದು ಅಂದರು: ಕದ್ದು ಸೇದಿರಬೇಕು ಬಿಡು ಎಂದರು. ಸೇದದವಳು ಸೇದಿದವಳಾಗಿ ಸತ್ತಳು. ನನ್ನ ಬೈಗುಳ ಇರುವುದು ಇಲ್ಲಿ.

ಬೇಡಿಕೆಯೂ ಇಲ್ಲೇ ಇದೆ. ನಿಮಗೆ ಯಾವ ವಿದ್ಯೆಯೂ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಉಸಿರಿಗೆ ಕಷ್ಟಪಡುವವರ ಪಕ್ಕ ಹೋಗಿ ಕೂತು ಹೇಗೆ ಎಂದು ಕೇಳಿ. ಎಷ್ಟು ಕಷ್ಟ ಎಂದು ವೈದ್ಯರು ಅಳೆಯುತ್ತಾರೆ, ಅಳೆಯಲಿ. ನೀವು ಹೇಗೆ ಎಂದು ಕೇಳಿ. ಮಲಗಿದರೆ ಹೆಚ್ಚೋ, ನಡೆದರೆ ಹೆಚ್ಚೋ. ಕಫ ಬರುತ್ತದೋ, ಒಣ ಎದೆಯೋ. ಮೈ ಇಳಿಯುತ್ತಿದೆಯೋ, ಕಾಲು ಊದುತ್ತಿದೆಯೋ. ಒಲೆಯ ಹೊಗೆಯೋ, ಭಟ್ಟಿಯೋ, ಬೀಡಿಯೋ, ಹುಟ್ಟಿನಿಂದಲೋ. ಅವರು ಹೇಳುವುದು ನಿಧಾನವಾಗುತ್ತದೆ, ಉಸಿರಿಗೊಂದು ತುಂಡಾಗಿ ಬರುತ್ತದೆ, ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಕೇಳಿದ್ದನ್ನು ವೈದ್ಯರಿಗೆ ಹೇಳಿ, ಆಮೇಲೆ ನಿಮ್ಮ ಮಕ್ಕಳಿಗೆ ಹೇಳಿ. ನಮ್ಮ ಅಜ್ಜಿಯ ದಮ್ಮು ಹೀಗಿತ್ತು, ಪಕ್ಕದ ಮನೆಯ ತಾತನದು ಹೀಗಿರಲಿಲ್ಲ ಎಂದು ಕಥೆಯಂತೆ ಹೇಳಿ, ಅವರು ಅವರ ಮಕ್ಕಳಿಗೆ ಹೇಳುವಂತೆ ಹೇಳಿ. ಹಿಮ್ಮುಖ ಅಂಚೆ ಈ ಕಾಗದವನ್ನು ಸರಿಯಾದ ಮನೆಗೆ ಮುಟ್ಟಿಸಿದ್ದರೆ, ನೀವು ಇವತ್ತು ಹೇಳಿದ ಮಾತು ಬಾಯಿಂದ ಬಾಯಿಗೆ ನಡೆದು ನಾಳೆ ಕರಿಬಸಮ್ಮನ ಬಾಯಿಗೆ ಬರುತ್ತದೆ. ಆ ಪ್ರಶ್ನೆಗೆ ಅವಳು ಉತ್ತರ ಕೊಡುತ್ತಾಳೆ.

ಬರದಿದ್ದರೂ ನಾವು ಬಗ್ಗುವುದಿಲ್ಲ, ಅದು ನಿಮಗೆ ತಿಳಿದಿರಲಿ. ಉತ್ತರ ಇಲ್ಲದವರು ತಪ್ಪಿತಸ್ಥರು ಎಂದು ಯಾರೂ ತೀರ್ಪು ಕೊಟ್ಟಿಲ್ಲ. ನನ್ನನ್ನು ಭಟ್ಟಿಯಿಂದ ಬಿಡಿಸಬಹುದು, ಮನೆಯಿಂದ ಹೊರಹಾಕಬಹುದು. ಕರಿಬಸಮ್ಮನನ್ನು ಮಲಗಿಸಲು ಬಂದರೆ ನಾವು ಮತ್ತೆ ಹೊಸ್ತಿಲ ಮೇಲೆ ಕೂರುತ್ತೇವೆ. ಈಗ ಪಕ್ಕದೂರಿನ ಉಸಿರುಮನೆಯವರೂ ಮರುಪರೀಕ್ಷೆ ಕೇಳಿದ್ದಾರೆ. ಅವರಿಗೆ ನಮ್ಮ ಹಲಗೆಯ ವಿಷಯ ಹೇಳಿಕಳಿಸಿದ್ದೇನೆ: ಮನೆಯೊಳಗೆ ಒಬ್ಬರ ಪಕ್ಕ ಒಬ್ಬರು ನಿಲ್ಲಿ, ಕೊಳವೆಯ ಮುಂದೆ ನಿಮ್ಮ ನಿಮ್ಮ ಉಸಿರು ಊದಿ.

ವಿಚಾರಣೆಗೆ ಬರಲು ಮಂಡಳಿಯವರು ಗಾಡಿ ಕಳಿಸುತ್ತೇವೆ ಎಂದರು. ಅತ್ತಿಗೆ ಬೇಡ ಎಂದಳು. ಕಚೇರಿ ದೂರವಿದೆ, ದಾರಿ ಏರು, ಮಬ್ಬು ಇನ್ನೂ ಹರಿದಿಲ್ಲ. ಅವಳು ನಾಲ್ಕು ಹೆಜ್ಜೆಗೆ ನಿಲ್ಲುತ್ತಾಳೆ, ತುಟಿ ಸಣ್ಣಗೆ ಮಾಡಿ ಉಸಿರು ಬಿಡುತ್ತಾಳೆ, ಮತ್ತೆ ನಡೆಯುತ್ತಾಳೆ. ಹನ್ನೊಂದಕ್ಕೆ ಕರೆದಿದ್ದಾರೆ, ನಾವು ಮುಟ್ಟುವಾಗ ಮಧ್ಯಾಹ್ನವಾಗಬಹುದು, ಸಂಜೆಯೂ ಆಗಬಹುದು. ನಾನು ಅವಳನ್ನು ದಾಟದೆ ಹಿಂದೆ ಬರುತ್ತೇನೆ. ಅವರು ಕಾಯಲಿ.

ನಿಮ್ಮ
ಕೊಟ್ರಮ್ಮ